ಪ್ಲಾಸ್ಟಿಕ್ಕಿನೊಳಗಿನ ಟಿ.ಸಿ.

ಪುಟ್ಟಮಾದಮ್ಮ ಮಾಡಿದ್ದನ್ನು ತಪ್ಪು ಅನ್ನುವುದಕ್ಕೆ ನಾಲಿಗೆ ಏಳುವುದಿಲ್ಲ. ಮಗಳ ಟಿ.ಸಿ.ಗೆ ಲ್ಯಾಮಿನೇಷನ್ ಮಾಡಿಸಿದ್ದಳು, ಅಷ್ಟೇ ತಾನೇ? ಕದ್ದಿರಲಿಲ್ಲ, ತಿದ್ದಿರಲಿಲ್ಲ, ಹಾಳಾಗದೆ ಇರಲಿ ಎಂದು ದಪ್ಪ ಪ್ಲಾಸ್ಟಿಕ್ಕಿನಲ್ಲಿ ಮುಚ್ಚಿಸಿದ್ದಳು. ಆದರೆ ಸಿದ್ಧಾರ್ಥನಗರದ ಆ ಸರ್ಕಾರಿ ಕಚೇರಿಯ ಮೂರನೇ ಕೌಂಟರಿನಲ್ಲಿ ಅವಳ ಸರದಿ ಬಂದಾಗ, ಮಧ್ಯಾಹ್ನ ಮೂರೂ ಮುಕ್ಕಾಲಿಗೆ, ಅದೇ ಅವಳ ಕೊರಳಿಗೆ ಸುತ್ತಿಕೊಂಡಿತು.

"ಏನಮ್ಮ ಇದು?" ಗುಮಾಸ್ತ ವಿಶ್ವನಾಥ್ ಟಿ.ಸಿ.ಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ. ಅದು ಬಾಗಲಿಲ್ಲ, ತಗಡಿನ ಹಾಗೆ ನೆಟ್ಟಗೆ ನಿಂತಿತು.

"ಟಿ.ಸಿ. ಸಾರ್. ಒರಿಜಿನಲ್ಲು."

"ಒರಿಜಿನಲ್ಲು ಅಂತ ನಂಗೂ ಕಾಣ್ತದೆ. ಪ್ಲಾಸ್ಟಿಕ್ ಯಾಕ್ ಹಾಕ್ಸಿದ್ರಿ? ಇದರ ಹಿಂದುಗಡೆ ದಾಖಲಾತಿ ನಂಬರ್ ಬರೀಬೇಕು, ಸೀಲ್ ಒತ್ತಬೇಕು, ಸಾಹೇಬ್ರು ಸೈನ್ ಹಾಕ್ಬೇಕು. ಎಲ್ಲಿ ಒತ್ಲಿ? ನನ್ ಹಣೆ ಮೇಲಾ?"

ಅಷ್ಟು ಹೇಳಿ ಬಿಡಲಿಲ್ಲ ಆತ. ಸೀಲನ್ನು ಇಂಕಿಗೆ ಅದ್ದಿ ಪ್ಲಾಸ್ಟಿಕ್ಕಿನ ಮೇಲೆ ಒಂದು ಸಲ ಒತ್ತಿಯೇ ತೋರಿಸಿದ. ಬೆರಳು ಎಳೆದ. ನೇರಳೆ ಬಣ್ಣ ಉದ್ದಕ್ಕೆ ಬಳಿದುಕೊಂಡು ಅಕ್ಷರವೆಲ್ಲ ಮಾಯವಾಯಿತು.

"ನೋಡಿದ್ರಾ? ಸ್ಕೂಲಿಂದ ಬೇರೆ ಟಿ.ಸಿ. ತನ್ನಿ. ಐದು ಗಂಟೆಗೆ ಲಿಸ್ಟ್ ಕ್ಲೋಸು. ಇವತ್ತೇ ಕಡೇ ದಿನ, ಗೊತ್ತಲ್ಲ?"

ಗೊತ್ತಿಲ್ಲದೆ ಏನು! ಆ ತಾರೀಖನ್ನು ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ಮಗಳು ಅನುಪಮಾ ಕೆಂಪು ಪೆನ್ನಿನಲ್ಲಿ ಮೂರು ಸುತ್ತು ಸುತ್ತಿದ್ದಳು. ಕಡಕೊಳದ ಆಚೆಯ ಅವರ ಊರಿನ ಶಾಲೆಯಲ್ಲಿ ಐದು ತರಗತಿಗೂ ಸೇರಿ ಒಬ್ಬರೇ ಟೀಚರು, ಮೈತ್ರೇಯಿ ಮಿಸ್ಸು. ಒಂದನೇ ಕ್ಲಾಸಿಗೆ ಅ ಆ ತಿದ್ದಿಸುತ್ತ, ಐದನೇ ಕ್ಲಾಸಿಗೆ ಭಿನ್ನರಾಶಿ ಹೇಳುತ್ತ, ನಡುವೆ ಬಿಸಿಯೂಟದ ಅಕ್ಕಿ ಅಳೆಸುತ್ತ ಆ ತಾಯಿ ದಿನ ತಳ್ಳುತ್ತಿದ್ದರು. ಆರನೆಯ ಕ್ಲಾಸಿಗೆ ನಾಲ್ಕು ಕಿಲೋಮೀಟರು ನಡೆಯಬೇಕು. ನಡೆದರೂ ಅಲ್ಲಿ ಗಣಿತಕ್ಕೆ ಎರಡು ವರ್ಷದಿಂದ ಮೇಷ್ಟ್ರೇ ಇಲ್ಲ. ಅದೇ ಸರ್ಕಾರದ ವಸತಿ ಶಾಲೆ ನೋಡಿ: ಒಂದೊಂದು ವಿಷಯಕ್ಕೆ ಒಬ್ಬೊಬ್ಬ ಮೇಷ್ಟ್ರು, ಲ್ಯಾಬು, ಗ್ರಂಥಾಲಯ, ಹತ್ತನೇ ಕ್ಲಾಸಿನ ತನಕ ಊಟ, ವಸತಿ. ಪ್ರವೇಶ ಪರೀಕ್ಷೆ ಬರೆದು ಅನುಪಮಾ ಸೀಟು ಗಿಟ್ಟಿಸಿದ್ದಳು. ಅಲ್ಲಿಗೆ ಸೇರುವುದಕ್ಕೆ ಆರನೆಯ ತರಗತಿಯೊಂದೇ ಬಾಗಿಲು. ಈ ವರ್ಷ ತಪ್ಪಿದರೆ ಮುಂದಿನ ವರ್ಷ ಎನ್ನುವ ಮಾತೇ ಇಲ್ಲ.

ಪುಟ್ಟಮಾದಮ್ಮ ಮೂಲೆಗೆ ಹೋಗಿ ಮೈತ್ರೇಯಿ ಮಿಸ್ಸಿಗೆ ಫೋನ್ ಹಚ್ಚಿದಳು. ಮಿಸ್ಸು ಎತ್ತಿದರು. ಇವಳು ವಿಷಯ ಹೇಳಿದಳು.

"ಅಯ್ಯೋ ಪುಟ್ಟಮಾದಮ್ಮ, ಫೈಲಲ್ಲಿ ಇಡಿ ಅಂತ ಅಲ್ವಾ ನಾನು ಹೇಳಿದ್ದು? ಟಿ.ಸಿ. ಒಂದು ಸಲ ಕೊಟ್ರೆ ಮುಗೀತು. ಎರಡನೇದು ಕೊಡ್ಬೇಕಾದ್ರೆ ಮೇಲಿನ ಆಫೀಸಿಂದ ಪರ್ಮಿಷನ್ ಬೇಕು. ಎರಡು ಮೂರು ದಿನ ಆಗತ್ತೆ. ನಾನೀಗ ಟ್ರೈನಿಂಗಿಗೆ ಅಂತ ಮಂಡ್ಯದಲ್ಲಿದ್ದೀನಿ ಬೇರೆ."

"ಏನೂ ಮಾಡಕ್ಕಾಗಲ್ವಾ ಮಿಸ್?"

"ಆ ಗುಮಾಸ್ತರನ್ನೇ ಇನ್ನೊಂದ್ಸಲ ಕೇಳ್ಕೊಳ್ಳಿ. ಕಾಲು ಹಿಡೀರಿ ಬೇಕಾದ್ರೆ," ಎಂದರು ಮಿಸ್ಸು.

ಲ್ಯಾಮಿನೇಷನ್ ಹುಚ್ಚು ಪುಟ್ಟಮಾದಮ್ಮನಿಗೆ ಸುಮ್ಮನೆ ಹಿಡಿದದ್ದಲ್ಲ. ಅವಳೂ ಏಳನೆಯ ಕ್ಲಾಸು ಪಾಸಾದವಳೇ. ಆ ವರ್ಷ ಅವ್ವನಿಗೆ ಮೈ ಸರಿಯಿಲ್ಲದೆ ಒಂದು ವರ್ಷ ಶಾಲೆ ಬಿಟ್ಟಳು. ಮರುವರ್ಷ ಸೇರೋಣವೆಂದು ಅಟ್ಟದ ಮೇಲಿನ ಡಬ್ಬ ತೆಗೆದರೆ, ಟಿ.ಸಿ. ಇದ್ದ ಜಾಗದಲ್ಲಿ ಇಲಿ ಹರಿದ ಚೂರುಗಳು. ಎಂಟನೇ ಕ್ಲಾಸಿನ ಮೇಷ್ಟ್ರು ಆ ಚೂರುಗಳನ್ನು ನೋಡಿ ತಲೆ ಅಲ್ಲಾಡಿಸಿದರು. ಹೊಸದು ತರುವುದು ಹೇಗೆ, ಯಾರನ್ನು ಕೇಳುವುದು ಎಂದು ಹೇಳಿಕೊಡುವ ಒಬ್ಬರೂ ಇರಲಿಲ್ಲ. ಓದು ಅಲ್ಲಿಗೆ ಖತಂ. ಅದಕ್ಕೇ ಅನುಪಮಾಳ ಟಿ.ಸಿ. ಕೈಗೆ ಬಂದ ದಿನ, ಬಸ್ ಹತ್ತುವ ಮೊದಲೇ ಜೆರಾಕ್ಸ್ ಅಂಗಡಿಗೆ ನುಗ್ಗಿದಳು. "ತೆಳೂದಾ, ದಪ್ಪದ್ದಾ?" ಎಂದು ಅಂಗಡಿಯವನು ಕೇಳಿದ್ದಕ್ಕೆ, "ಇಲಿ ಹಲ್ಲಿಗೂ ಜಗ್ಗಬಾರ್ದು, ಅಂತದ್ದು ಹಾಕು" ಎಂದಿದ್ದಳು. ಇಲಿಯಿಂದ ಉಳಿಸಿದಳು, ಸೀಲಿನಿಂದ ಉಳಿಸಲಾಗಲಿಲ್ಲ, ಏನು ಹೇಳೋಣ!

ಮತ್ತೆ ಕೌಂಟರಿಗೆ ಹೋದಳು. ಕೈ ಮುಗಿದಳು. ವಿಶ್ವನಾಥ್ ಕೆಟ್ಟವನಲ್ಲ. ಬೆಳಗಿನಿಂದ ಇನ್ನೂರು ಜನರ ಕಾಗದ ನೋಡಿ ತಲೆ ಕೆಟ್ಟವನು.

"ನಂಗೇನಮ್ಮ ದ್ವೇಷಾನಾ ನಿಮ್ಮೇಲೆ? ಹಿಂದೆ ಸೀಲಿಲ್ದೆ ಸಾಹೇಬ್ರು ಸೈನ್ ಹಾಕಲ್ಲ. ಸೈನಿಲ್ದೆ ಕಂಪ್ಯೂಟ್ರು ತಗಳಲ್ಲ." ಆತ ಕನ್ನಡಕ ಸರಿಮಾಡಿಕೊಂಡು ಪಟ್ಟಿ ನೋಡಿದ. ಆಮೇಲೆ ಬೆಂಚುಗಳ ಕಡೆ ಕತ್ತು ಚಾಚಿ ಕೂಗಿದ: "ವೇಟಿಂಗ್ ಲಿಸ್ಟು ಒಂದನೇ ನಂಬರ್! ಸಿಂಚನಾ! ಇದ್ದೀರೇನ್ರೀ? ಎಲ್ಲೂ ಹೋಗ್ಬೇಡಿ. ಐದಕ್ಕೆ ಈ ಸೀಟು ಖಾಲಿಯಾದ್ರೆ ನಿಮ್ದೇ."

"ಇದ್ದೀವಿ ಸಾರ್," ಎಂದು ಒಬ್ಬ ಹೆಂಗಸು ಎದ್ದು ನಿಂತಳು.

ಪುಟ್ಟಮಾದಮ್ಮ ತಿರುಗಿ ನೋಡಿದಳು. ಎದ್ದವಳು ಮಹದೇವಮ್ಮ. ಬೆಳಗ್ಗೆ ಒಂಬತ್ತರಿಂದ ಇವಳ ಪಕ್ಕದಲ್ಲೇ, ಒಂದೇ ಬೆಂಚಿನಲ್ಲಿ ಕೂತಿದ್ದವಳು. ಕೃಷ್ಣಮೂರ್ತಿಪುರಂನಲ್ಲಿ ನಾಲ್ಕು ಮನೆಯ ಅಡಿಗೆ ಕೆಲಸ ಮಾಡಿಕೊಂಡು ಮಗಳ ಮಗಳು ಸಿಂಚನಾಳನ್ನು ಓದಿಸುತ್ತಿದ್ದಳು. ಇಬ್ಬರೂ ಒಂದೇ ಡಬ್ಬಿಯ ಚಿತ್ರಾನ್ನ ಹಂಚಿಕೊಂಡಿದ್ದರು. ಇಬ್ಬರು ಹುಡುಗಿಯರೂ ತಂತಮ್ಮ ಟ್ರಂಕಿನ ಮೇಲೆ ಕೂತು ಆಗಲೇ ಗೆಳತಿಯರಾಗಿದ್ದರು. ಸೇರಿದ ಮಕ್ಕಳನ್ನು ಸಂಜೆ ಇಲ್ಲಿಂದಲೇ ವ್ಯಾನಿನಲ್ಲಿ ಶಾಲೆಗೆ ಕರೆದೊಯ್ಯುತ್ತಿದ್ದರು, ಅದಕ್ಕೇ ಟ್ರಂಕು. ವೇಟಿಂಗ್ ಲಿಸ್ಟೆಂದು ಮಹದೇವಮ್ಮ ಬಾಯಿಬಿಟ್ಟಿರಲಿಲ್ಲ, ಇವಳೂ ಕೇಳಿರಲಿಲ್ಲ.

ಈಗ ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಮಹದೇವಮ್ಮನೇ ಮೊದಲು ಕಣ್ಣು ತಗ್ಗಿಸಿದಳು.

ಪುಟ್ಟಮಾದಮ್ಮನಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಟಿ.ಸಿ. ಎದೆಗವುಚಿಕೊಂಡು ಗೇಟಿನಾಚೆ ಬಂದಳು. ಎಲ್ಲಿಗೆ, ಯಾತಕ್ಕೆ, ಒಂದೂ ಗೊತ್ತಿಲ್ಲ. ರಸ್ತೆಯಂಚಿನ ಹೊಂಗೆಮರದ ಕೆಳಗೆ ಇಸ್ತ್ರಿ ಗಾಡಿಯೊಂದು ನಿಂತಿತ್ತು. ಮುದುಕನೊಬ್ಬ ಇದ್ದಿಲ ಪೆಟ್ಟಿಗೆಯನ್ನು ನೀರು ಚಿಮುಕಿಸಿದ ಅಂಗಿಯ ಮೇಲೆ ಎಳೆದ. ಚುಂಯ್ ಎಂದು ಹಬೆ ಎದ್ದು ಬಿಸಿ ಬಟ್ಟೆಯ ವಾಸನೆ ಅವಳ ಮೂಗಿಗೆ ಬಂತು. ಕಡಕೊಳದ ಗಾರ್ಮೆಂಟ್ಸಿನ ಕಾಲರ್ ಸೆಕ್ಷನ್ನಿನಲ್ಲಿ ಹನ್ನೊಂದು ವರ್ಷ ಆ ವಾಸನೆಯನ್ನೇ ಉಸಿರಾಡಿದವಳು. ಗಕ್ಕನೆ ನಿಂತಳು.

ಅಂಗಿಯ ಕಾಲರು ನೆಟ್ಟಗೆ ನಿಲ್ಲುವುದು ಒಳಗೆ ಒಂದು ಗಟ್ಟಿಬಟ್ಟೆಯನ್ನು ಶಾಖದಲ್ಲಿ ಅಂಟಿಸಿರುವುದರಿಂದ. ಅದು ಸೊಟ್ಟಗೆ ಅಂಟಿತೆಂದರೆ ಸೂಪರ್‌ವೈಸರು ಮುಖಕ್ಕೆ ಎಸೆಯುತ್ತಾನೆ. ಆಗ ಹೆಂಗಸರು ಇಬ್ಬಿಬ್ಬರಾಗಿ ಅದನ್ನು ಬಿಡಿಸುತ್ತಾರೆ. ಒಬ್ಬಳು ಬಿಸಿ ಪೆಟ್ಟಿಗೆ ಎಳೆಯುತ್ತ ಮುಂದೆ ಹೋಗಬೇಕು, ಇನ್ನೊಬ್ಬಳು ಅದರ ಬೆನ್ನಿಗೇ ನಿಧಾನವಾಗಿ ಸುಲಿಯುತ್ತ ಬರಬೇಕು. ಬಿಸಿ ಇದ್ದಾಗ ಎಳೆದರೆ ಬರುತ್ತೆ, ಆರಿದ ಮೇಲೆ ಎಳೆದರೆ ಹರಿಯುತ್ತೆ. ಆ ಸೆಕ್ಷನ್ನಿನಲ್ಲಿ ಹೊಸದಾಗಿ ಸೇರಿದವರಿಗೆ ಹೇಳಿಕೊಡುವ ಮೊದಲ ಪಾಠವೇ ಅದು. ಪ್ಲಾಸ್ಟಿಕ್ಕೂ ಶಾಖದಲ್ಲೇ ಅಂಟಿದ್ದಲ್ಲವೇ? ಅದೂ ಅಲ್ಲದೆ ಗುಮಾಸ್ತ ಕೇಳಿದ್ದು ಹಿಂಭಾಗ ಮಾತ್ರ. ಮುಂದಿನದು ಹಾಗೇ ಇದ್ದರೆ ಕಾಗದಕ್ಕೆ ಅಷ್ಟು ಬಲ.

ಅವಳು ವಿಷಯ ಹೇಳಿ ಪೆಟ್ಟಿಗೆ ಕೇಳಿದ್ದೇ, ಗಾಡಿಯ ಮುದುಕ ಶಿವರುದ್ರಪ್ಪ ಎರಡೂ ಕೈ ಎತ್ತಿಬಿಟ್ಟ. "ತಗೀರಿ ತಗೀರಿ! ಪ್ಲಾಸ್ಟಿಕ್ಕು ನನ್ ಪೆಟ್ಗೆಗೆ ಮೆತ್ಕಂಡ್ರೆ ನಾಳಿಂದ ಜನ್ರ ಬಟ್ಟೆ ಏನಾಗಬೇಕು?"

"ಮೇಲೆ ಬಟ್ಟೆ ಹಾಕ್ಕತೀನಿ ಯಜಮಾನ್ರೇ. ನಾನೂ ಇಸ್ತ್ರಿಯೋಳೇ, ಕಡಕೊಳದ ಗಾರ್ಮೆಂಟ್ಸು. ಇದು ಕಾಗದ ಅಲ್ಲ ಕಣಪ್ಪ, ನನ್ ಮಗಳ ಇಸ್ಕೂಲು."

ಮುದುಕ ಅವಳ ಕೈ ನೋಡಿದ. ಬೆರಳ ತುದಿಗಳಲ್ಲಿ ಸುಟ್ಟು ಮಾಗಿದ ಗುರುತುಗಳಿದ್ದವು. ಪಕ್ಕಕ್ಕೆ ಸರಿದ. "ಪೆಟ್ಗೆ ತಗೋ. ನಾನು ಮಾತ್ರ ಆ ಕಾಗದ ಮುಟ್ಟಕಿಲ್ಲ. ಅರಿದೋದ್ರೆ ಆ ಪಾಪ ನಂಗ್ ಬ್ಯಾಡ."

ಅಂಚು ಕತ್ತರಿಸಲು ದಾರ ಕತ್ತರಿಸುವ ಪುಟ್ಟ ಕತ್ತರಿ ಬೇಕು, ಅದು ಬ್ಯಾಗಿನಲ್ಲಿದೆ. ಬ್ಯಾಗು ಬೆಂಚಿನ ಮೇಲೆ! ಹಣೆ ಚಚ್ಚಿಕೊಂಡು ತಿರುಗಿದರೆ ಮಹದೇವಮ್ಮ ಎದುರಿಗೇ ನಿಂತಿದ್ದಾಳೆ, ಕೈಯಲ್ಲಿ ಅದೇ ಬ್ಯಾಗು.

"ಬುಟ್ಟು ಬಂದ್ಬುಟ್ಟಿದ್ದೆ," ಎಂದಳು. ಬ್ಯಾಗನ್ನು ಮುಂದೆ ಚಾಚಿದಳು.

ನಾಲ್ಕೂ ಇಪ್ಪತ್ತು. ಪುಟ್ಟಮಾದಮ್ಮ ಕತ್ತರಿ ತೆಗೆದು ಅಂಚು ಕತ್ತರಿಸಿ, ಹಿಂಬದಿಯ ಪ್ಲಾಸ್ಟಿಕ್ಕಿನ ಒಂದು ಮೂಲೆಯನ್ನು ಉಗುರಿನಿಂದ ಬೇರೆ ಮಾಡಿದಳು. ಪೆಟ್ಟಿಗೆಗೆ ಒಂದು ಹನಿ ನೀರು ಹಾಕಿ ನೋಡಿದಳು. ಹನಿ ಟಣ್ಣನೆ ಹಾರಿಹೋಯಿತು. ಕಾವು ಜಾಸ್ತಿ. ಫ್ಯಾಕ್ಟರಿಯದಾದರೆ ತಿರುಗಿಸುವ ಗುಂಡಿ ಇರುತ್ತದೆ, ಇದಕ್ಕೆ ಕೆಂಡವೇ ಗುಂಡಿ. ಮುಚ್ಚಳ ತೆಗೆದು ಒಂದು ಕೆಂಡ ಈಚೆ ಹಾಕಿಸಿ ಕಾದಳು. ಒಂದೊಂದು ನಿಮಿಷವೂ ಎದೆಯ ಮೇಲೇ ನಡೆದುಹೋಯಿತು. ಮತ್ತೊಂದು ಹನಿ ಹಾಕಿದಳು. ಈ ಸಲ ಚುಂಯ್ ಎಂದು ಕೂತು ಒಣಗಿತು. ಸರಿ.

ಆದರೆ ಸುಲಿಯುವವರು ಯಾರು? ಪೆಟ್ಟಿಗೆ ಬೇರೆಯವರಿಗೆ ಕೊಡುವಂತಿಲ್ಲ, ಕಾವು ತಿಳಿಯದವರು ಕಾಗದವನ್ನೇ ಸುಟ್ಟಾರು. ಅನುಪಮಾಳನ್ನು ಕರೆಯೋಣವೆಂದರೆ, ಆ ಮಗುವಿನ ಬೆರಳು ಬಿಸಿ ತಾಳುವುದಿಲ್ಲ, ಬೆಚ್ಚಿ ಜಗ್ಗಿದರೆ ಮುಗಿಯಿತು. ಮುದುಕ ಮೊದಲೇ ಕೈ ತೊಳೆದುಕೊಂಡಿದ್ದ. ಉಳಿದವಳು ಒಬ್ಬಳೇ.

ಲೋಕದಲ್ಲಿ ಇಷ್ಟು ಜನ ಇರುವಾಗ ಇವಳೇ ಆಗಬೇಕೇ? ಈ ಕಾಗದ ಹರಿದರೆ ಇವಳ ಮೊಮ್ಮಗಳಿಗೆ ಸೀಟು. ಬೇಕೆಂದೇ ಹರಿಯಬೇಕಾಗಿಯೂ ಇಲ್ಲ, ಕೈ ಒಂಚೂರು ನಡುಗಿದರೆ ಸಾಕು. "ಅಯ್ಯೋ, ಜಾರ್ಬುಡ್ತು ಕಣವ್ವ" ಎಂದರೆ ಯಾರು ಏನು ಹೇಳುವಂತಿದೆ? ಬೆಳಗ್ಗೆ ಚಿತ್ರಾನ್ನ ಕೊಟ್ಟ ಕೈಯೇ, ನಿಜ. ಆದರೆ ಪುಟ್ಟಮಾದಮ್ಮನಿಗೆ ತನ್ನ ಮನಸ್ಸೂ ಗೊತ್ತಿತ್ತು. ಇವಳ ಜಾಗದಲ್ಲಿ ನಾನಿದ್ದಿದ್ದರೆ ಈ ಬ್ಯಾಗು ತಂದು ಕೊಡುತ್ತಿದ್ದೆನಾ ಎಂದು ಕೇಳಿಕೊಂಡಳು. ಇಲ್ಲ ಎಂದಿತು ಮನಸ್ಸು. ಆ ಉತ್ತರಕ್ಕೆ ಅವಳಿಗೇ ನಾಚಿಕೆಯಾಯಿತು.

"ಅಕ್ಕ," ಎಂದಳು. "ನಾನು ಪೆಟ್ಗೆ ಎಳೀತ ಓಯ್ತೀನಿ. ನನ್ ಬೆನ್ನಿಗೇ ಈ ಮೂಲೆಯಿಂದ ಸುಲೀತ ಬರ್ಬೇಕು. ನಿಲ್ಬಾರ್ದು. ಜಗ್ಬಾರ್ದು. ಬೆರಳು ಸುಡ್ತದೆ."

"ನಲವತ್ತು ವರ್ಷದಿಂದ ಒಲೆ ಮೇಲಿನ ಪಾತ್ರೆ ಬರಿಗೈಲಿ ಇಳಿಸ್ತೀನಿ. ಶುರು ಮಾಡು."

ಪುಟ್ಟಮಾದಮ್ಮ ಟಿ.ಸಿ.ಯನ್ನು ಬೋರಲು ಹಾಕಿ, ಮೇಲೆ ತೆಳುವಾದ ಬಟ್ಟೆ ಹಾಸಿ ಪೆಟ್ಟಿಗೆ ಇಟ್ಟಳು. ಒಂದು, ಎರಡು, ಮೂರು ಎಣಿಸಿ ಮುಂದಕ್ಕೆ ಸರಿಸಿದಳು. ಬಟ್ಟೆ ಎತ್ತಿದ ತಕ್ಷಣ ಮಹದೇವಮ್ಮನ ಬೆರಳು ಮೂಲೆಯನ್ನು ಹಿಡಿದವು. ಪ್ಲಾಸ್ಟಿಕ್ಕು ಬಂತು. ಕೂದಲೆಳೆಯಷ್ಟು, ಬೆರಳಗಲ, ಎರಡು ಬೆರಳಗಲ. ಕೆಳಗೆ ಕಾಗದದ ಬಿಳುಪು ಕಂಡಿತು. ಶಿವರುದ್ರಪ್ಪ ಬಾಯಿ ಕಳೆದು ನಿಂತಿದ್ದ.

ನಡುಮಧ್ಯಕ್ಕೆ ಬಂದಾಗ ಚರ್ ಎಂದು ಸದ್ದಾಯಿತು.

"ನಿಲ್ಲು!" ಎಂದಳು ಮಹದೇವಮ್ಮ. ಒಂದು ಕಡೆ ಕಾಗದದ ಪದರು ಪ್ಲಾಸ್ಟಿಕ್ಕಿನ ಜೊತೆಯೇ ಏಳತೊಡಗಿತ್ತು. ಇನ್ನೊಂದು ಚೂರು ಎಳೆದರೆ ತೂತು. ಅವಳ ಬೆರಳು ಆ ಸುಡುವ ಪ್ಲಾಸ್ಟಿಕ್ಕಿನ ಮೇಲೆ ಹಾಗೇ ನಿಂತವು. ಪುಟ್ಟಮಾದಮ್ಮ ಮುಖ ಎತ್ತಿದಳು. ಇಬ್ಬರ ಕಣ್ಣೂ ಕೂಡಿದವು. ಆ ಕ್ಷಣ ಪುಟ್ಟಮಾದಮ್ಮನಿಗೆ ಖಂಡಿತ ಅನ್ನಿಸಿತು, ಎಳೆದುಬಿಡುತ್ತಾಳೆ, ಈಗ ಎಳೆದುಬಿಡುತ್ತಾಳೆ.

"ನೋಡ್ತಾ ನಿಂತ್ಕಂಡ್ರೆ ಎಂಗೆ? ಆರೋಯ್ತದೆ! ಪೆಟ್ಗೆ ಇಡು ಇಲ್ಲಿ!" ಎಂದು ಮಹದೇವಮ್ಮ ಗದರಿದಳು.

ಪುಟ್ಟಮಾದಮ್ಮ ಎದ್ದ ಪದರಿನ ಮೇಲೆ ಮತ್ತೆ ಶಾಖ ಕೊಟ್ಟಳು. ಮಹದೇವಮ್ಮನ ಬೆರಳಿಗೂ ಪೆಟ್ಟಿಗೆಗೂ ನಡುವೆ ಇದ್ದದ್ದು ಕಾಳಿನಷ್ಟು ಜಾಗ. ಅವಳು ತುಟಿ ಕಚ್ಚಿದಳೇ ಹೊರತು ಕೈ ತೆಗೆಯಲಿಲ್ಲ. ಅಂಟು ಕರಗಿತು. ಪದರು ಮತ್ತೆ ಕೆಳಗೆ ಕೂತಿತು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಉಳಿದ ಪ್ಲಾಸ್ಟಿಕ್ಕು ಒಂದೇ ಎಳೆತಕ್ಕೆ ಕೊನೆಯ ತನಕ ಬಂದುಬಿಟ್ಟಿತು.

ಹರಿದಿರಲಿಲ್ಲ. ಒಂದು ಕಡೆ ಕಾಗದ ಸ್ವಲ್ಪ ತರಿತರಿಯಾಗಿತ್ತು, ಅಷ್ಟೇ.

ಕೌಂಟರಿಗೆ ಓಡಿಬಂದಾಗ ಐದಕ್ಕೆ ಹನ್ನೆರಡು ನಿಮಿಷವಿತ್ತು. ವಿಶ್ವನಾಥ್ ಹಿಂದೆ ನೋಡಿದ, ಮುಂದೆ ನೋಡಿದ.

"ಮುಂದ್ಗಡೆ ಹಂಗೇ ಐತಲ್ಲಮ್ಮ?"

"ನೀವು ಹಿಂದ್ಗಡೆ ಸೀಲು ಅಂದ್ರಿ ಸಾರ್. ಮುಂದ್ಗಡೆ ಓದ್ಕಳಕ್ಕೆ ಏನ್ ತೊಂದ್ರೆ?"

ಆತ ಗಡಿಯಾರ ನೋಡಿದ. ಅವಳ ಹಿಂದೆ ಸೆರಗಿನಲ್ಲಿ ಕೈ ಸುತ್ತಿಕೊಂಡು ನಿಂತಿದ್ದ ಮಹದೇವಮ್ಮನನ್ನು ನೋಡಿದ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ, ಈ ಪೂಜಾರಿ ಅವತ್ತು ಕೊಟ್ಟ. ಟಪ್ ಎಂದು ಸೀಲು ಬಿತ್ತು. ಬೆರಳು ಎಳೆದು ನೋಡಿದ, ಅಳಿಸಲಿಲ್ಲ. ನಂಬರು ಬರೆದು, ಎದ್ದು ಒಳಗೆ ಹೋಗಿ ಸೈನು ಮಾಡಿಸಿಕೊಂಡು ಬಂದು ಕಂಪ್ಯೂಟರಿನಲ್ಲಿ ಏನೋ ಒತ್ತಿದ.

"ಆಯ್ತು. ಅನುಪಮಾ, ವ್ಯಾನ್ ಹತ್ರ ಹೋಗಮ್ಮ." ಆಮೇಲೆ ದನಿ ತಗ್ಗಿಸಿ, "ವೇಟಿಂಗ್ ಲಿಸ್ಟಿನೋರು ಹೊರಡಬಹುದು," ಎಂದ.

ಮಹದೇವಮ್ಮ ಹೊರಡಲಿಲ್ಲ. ಕೌಂಟರಿಗೆ ಬಂದು ಸುಟ್ಟ ಕೈಯನ್ನೇ ಮರದ ಮೇಲೆ ಊರಿದಳು. "ಒಂದ್ ಮಾತು ಸಾರ್. ನನ್ ಮೊಮ್ಮಗಳಿಗೂ ಆ ಮಗೀಗೂ ಅರ್ಧ ಮಾರ್ಕು ವ್ಯತ್ಯಾಸ. ಅರ್ಧ ಮಾರ್ಕಿಗೆ ಒಂದಕ್ಕೆ ಲ್ಯಾಬು, ಒಂದಕ್ಕೆ ಮೇಷ್ಟ್ರಿಲ್ದಿರೋ ಇಸ್ಕೂಲು. ಇನ್ನೊಂದು ಬೆಂಚು ಹಾಕ್ಸಕ್ಕೆ ನಿಮ್ ಸರ್ಕಾರಕ್ಕೆ ಮರ ಸಿಕ್ನಿಲ್ವಾ?"

ವಿಶ್ವನಾಥ್ ಫೈಲು ಮುಚ್ಚಿದ, ತೆರೆದ, ಮತ್ತೆ ಮುಚ್ಚಿದ.

ಅನುಪಮಾಳನ್ನು ವ್ಯಾನಿಗೆ ಹತ್ತಿಸಿ ಪುಟ್ಟಮಾದಮ್ಮ ಕೆಳಗಿಳಿದಾಗ ಮಹದೇವಮ್ಮ ಗೇಟಿನ ಹತ್ತಿರ ಸೆರಗನ್ನು ಸುತ್ತಿ ಸಿಂಬೆ ಮಾಡಿ ತಲೆಯ ಮೇಲಿಟ್ಟುಕೊಳ್ಳುತ್ತಿದ್ದಳು. ಸಿಂಚನಾ ಪಕ್ಕದಲ್ಲಿ ನಿಂತು ವ್ಯಾನನ್ನೇ ನೋಡುತ್ತಿದ್ದಳು, ಅಳುತ್ತಿರಲಿಲ್ಲ. ಪುಟ್ಟಮಾದಮ್ಮನಿಗೆ ಅಳು ಒತ್ತರಿಸಿ ಬಂತು. "ಅಕ್ಕ, ನಿನ್ ಋಣ…" ಎಂದು ಬಾಯಿ ತೆಗೆದಳು.

"ಸುಮ್ನಿರು. ನಾನೇನು ದೇವ್ರಲ್ಲ ಕಣವ್ವ. ಚರ್ ಅಂದಾಗ ಎಳ್ದ್ಬುಡನಾ ಅಂತ ಬಂತು ಮನ್ಸಿಗೆ. ಬರ್ದೆ ಇರ್ತದಾ? ನೀನು ನನ್ ಮುಖ ನೋಡ್ತಾ ಇದ್ದೆ, ನಿಂಗೂ ಗೊತ್ತಾಯ್ತು." ಮಹದೇವಮ್ಮ ಉಸಿರು ಬಿಟ್ಟಳು. "ಎಳೀನಿಲ್ಲ. ಅದ್ಯಾಕೆ ಅಂತ ನಂಗೂ ಗೊತ್ತಿಲ್ಲ. ಈಗ ಒಂದು ಕೈ ಕೊಡು, ಟ್ರಂಕು ತಲೆಗೆ ಏರಿಸ್ಬೇಕು. ನನ್ ಬೆರಳು ಹಿಡೀತಾ ಇಲ್ಲ."

ಪುಟ್ಟಮಾದಮ್ಮ ಬಗ್ಗಿ ಟ್ರಂಕಿನ ಹಿಡಿ ಹಿಡಿದಳು. ಒಳಗೆ ತಟ್ಟೆ ಲೋಟ ಸದ್ದು ಮಾಡಿದವು. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ, ಮೊನ್ನೆಯಷ್ಟೇ ಬರೆದ ಹೊಸ ಅಕ್ಷರಗಳಿದ್ದವು: ಸಿಂಚನಾ ಎಂ., ಆರನೆಯ ತರಗತಿ. ಅದರ ಕೆಳಗೆ ಅನುಪಮಾ ಈಗಷ್ಟೇ ಸೇರಿದ ಶಾಲೆಯ ಹೆಸರು.

ವ್ಯಾನಿನ ಕಿಟಕಿಯಿಂದ ಅನುಪಮಾ "ಅವ್ವಾ, ಅವ್ವಾ" ಎಂದು ಕೈ ಬೀಸಿ ಕರೆದಳು. ಪುಟ್ಟಮಾದಮ್ಮ ತಿರುಗಲಿಲ್ಲ. ಟ್ರಂಕನ್ನು ಮಹದೇವಮ್ಮನ ತಲೆಗೆ ಏರಿಸಿ, ಅದು ಸರಿಯಾಗಿ ಕೂರುವ ತನಕ ಎರಡೂ ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದಳು.